ಪೂಜೆಗೆ ಕೀಳಬಾರದ ಗುಲಾಬಿ

ಲಿಂಗಂಪಲ್ಲಿಯ ನಮ್ಮ ಮನೆ ಮುಂದಿನ ಅಂಗೈಯಗಲದ ತೋಟದಲ್ಲಿ ಮೊಣಕಾಲೆತ್ತರದ ಒಂದು ಗುಲಾಬಿ ಗಿಡವಿದೆ. ಕಿತ್ತಳೆ ಬಣ್ಣದ ಹೂಗಳು ಗೊಂಚಲು ಗೊಂಚಲಾಗಿ ಬಿಡುತ್ತವೆ. ಅದನ್ನು ನೆಟ್ಟ ದಿನವೇ, ಪೂಜೆಗೆಂದು ಇದರ ಹೂ ಕೀಳಬಾರದು ಎಂದು ಅವ್ವನಿಗೆ ತಾಕೀತು ಮಾಡಿದ್ದೆ. ‘ಆತಪಾ’ ಎಂದಿದ್ದಳು. ಆ ವರ್ಷ ಗಿಡ ಬಿಡುವಿಲ್ಲದೆ ಹೂಬಿಟ್ಟಿತು. ಮುಟ್ಟದೆ ಬಿಟ್ಟಿದ್ದರ ಫಲವಿದು ಎಂದು ಮನೆಗೆ ಬಂದವರಿಗೆಲ್ಲ ವಿವರಿಸಿದೆ.

ಈ ಚಳಿಗಾಲ ಅವ್ವ ಕಲಬುರಗಿಗೆ, ಅಕ್ಕನ ಮನೆಗೆ ಹೋದಳು. ಹೂಗಳು ಗಿಡದಲ್ಲೇ ಒಣಗಿ ಕಾಯಿಗಟ್ಟಿದವು. ಹೊಸ ಮೊಗ್ಗಿನ ಸುಳಿವೇ ಇಲ್ಲ. ಗಿಡ ಕೈಬಿಟ್ಟು ಹೋಗುತ್ತದೇನೋ ಎಂದು ಹೆದರಿ ಅವಳಿಗೆ ಫೋನ್ ಮಾಡಿದೆ.

‘ಹೂ ಕೊಯ್ಯಾಕತ್ತೀಯೋ ಇಲ್ಲೋ?’ ಎಂದಳು.

‘ಇಲ್ಲವ್ವಾ. ನೀನೂ ಕೊಯ್ತಿರಲಿಲ್ಲಲ್ಲ?’

ಅವ್ವ ನಕ್ಕಳು. ‘ದಿನಾ ಗೊಂಚಲ ಸಮೇತ ಕತ್ತರಿಸಿ ದೇವರಿಗೆ ಏರಸ್ತಿದ್ದೆ. ಹಂಗ ಕತ್ತರಿಸಿದ್ರನ ಅದು ಚಿಗರೂದು.’

‘ನನಗ ಒಂದಿನಾನೂ ಕಾಣಲಿಲ್ಲಲ್ಲ?’

‘ದೇವರ ಖೋಲಿಗೆ ಬಂದಿದ್ರ ಕಾಣ್ತಿತ್ತು, ಶ್ಯಾಣ್ಯಾ.’

ಆ ವರ್ಷ ಪಕಳೆಗಳು ಗಿಡದ ಬುಡದಲ್ಲೇ ಉದುರಿದ್ದನ್ನು ಕಣ್ಣಾರೆ ಕಂಡ ನೆನಪು ನನಗಿದೆ. ಅದು ಯಾರ ಮನೆಯ ಗಿಡವೋ, ಈಗ ಹೇಳಲಾರೆ.

ಒಣಗಿದ ಗೊಂಚಲುಗಳನ್ನೆಲ್ಲ ಕತ್ತರಿಸಿದೆ. ಕೆಲವು ವಾರಗಳಲ್ಲಿ ಕೆಂಪು ಚಿಗುರು ಬಂತು, ಆಮೇಲೆ ಮೊಗ್ಗು. ಮೊದಲ ಗೊಂಚಲು ಅರಳಿದ ಬೆಳಿಗ್ಗೆ ಅದನ್ನು ಕತ್ತರಿಸಿ ದೇವರ ಮುಂದಿಟ್ಟೆ. ಇದು ಗಿಡದ ಸಲುವಾಗಿ ಮಾತ್ರ ಎಂದು ಹೆಂಡತಿಗೆ ಸ್ಪಷ್ಟವಾಗಿ ಹೇಳಿದೆ.

‘ನನಗ್ಯಾಕ ಹೇಳ್ತೀರಿ? ಅಂವ ಎದುರಿಗೇ ಕುಂತಾನ, ಅವಂಗೇ ಹೇಳ್ರಿ’ ಎಂದಳು.