ಚಿತ್ತಾಪುರ ದಾಟಿದ ಮೇಲೆ ಕೇಳಿದ ಮಾತು

ಎಲ್ಲೋ ದೂರದಲ್ಲಿ ನಡೆದದ್ದು ಇಲ್ಲಿ ಕೂತವರಿಗೆ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ತಲೆಯಾಡಿಸುತ್ತಿದ್ದೆ, ಒಳಗೆ ಮಾತ್ರ ಒಂದಕ್ಷರವನ್ನೂ ನಂಬುತ್ತಿರಲಿಲ್ಲ. ನಂಬದಿರುವುದನ್ನು ನನಗೆ ಕಲಿಸಿದವರು ಅಪ್ಪ. ಅವರು ಶಹಾಬಾದಿನ ಕಲ್ಲುಗಣಿಯಲ್ಲಿ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲುಚಪ್ಪಡಿ, ಎಬ್ಬಿಸುತ್ತಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಬೇರೆ ಪಟಗಳಿರಲಿಲ್ಲ. ಓಣಿಯಲ್ಲಿ ದೆವ್ವದ ಸುದ್ದಿ ಎದ್ದಾಗೆಲ್ಲ ಅಪ್ಪ ಬೀಡಿ ಆರಿಸಿ, ನೀನು ಕಂಡೆಯಾ, ನಿನ್ನ ಜೊತೆ ಇನ್ಯಾರು ಕಂಡರು ಎಂದು ಕೇಳುತ್ತಿದ್ದರು. ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಹೊರಟಿರುವ ಸಂಗತಿಯನ್ನು ನನ್ನ ಜೊತೆ ಇನ್ಯಾರೂ ಕೇಳಲಿಲ್ಲ. ಅಪ್ಪ ಬದುಕಿದ್ದರೆ ಅವರ ಮುಂದೆ ಇದನ್ನು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಮೊದಲು ನನ್ನ ಕಾಯಿಲೆಯ ವಿಷಯ ಹೇಳಬೇಕು. ಮುಚ್ಚಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಮದುವೆಯಾಗಿ ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದ ಕೆಲವು ವರ್ಷಗಳ ಮೇಲೆ ನನಗೆ ಒಂದು ಬಗೆಯ ಕತ್ತಲು ಕವಿಯಿತು. ಏಳಬೇಕು, ಸ್ನಾನ ಮಾಡಬೇಕು, ಉಣ್ಣಬೇಕು ಅನ್ನಿಸುತ್ತಿರಲಿಲ್ಲ. ಕಾರಣ ಕೇಳಿದವರಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಗಂಡ ಗೌತಮ ರೈಲ್ವೆಯಲ್ಲಿ ಸಿಗ್ನಲ್ ಕೆಲಸದವರು. ಡ್ಯೂಟಿಗೆ ಹೋದರೂ ಅವರ ಜೀವ ಮನೆಯಲ್ಲೇ ಇರುತ್ತಿತ್ತು. ಶಹಾಬಾದಿನಿಂದ ನನ್ನ ಅಕ್ಕ ಶಾಂತಕ್ಕ ಬಂದು ನಮ್ಮ ಜೊತೆ ನಿಂತಳು. ಅವ್ವ ಹೋದಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ಅವಳಿಗೆ ನಾನೇ ಮಗಳು.

ಕಲಬುರಗಿಯ ಒಬ್ಬ ಮನೋವೈದ್ಯರ ಹತ್ತಿರ ಹೋಗೋಣವೆಂದು ಹೇಳಿದವಳು ನಾನೇ. ಯಾರೂ ಎಳೆದುಕೊಂಡು ಹೋಗಲಿಲ್ಲ. ಬಹಳ ದಿನ ಔಷಧಿ ತೆಗೆದುಕೊಂಡೆ, ಗುಣವಾಯಿತು. ಡಾಕ್ಟರು ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ಕೊನೆಗೆ ನಿಲ್ಲಿಸಿದರು. ನಿದ್ದೆ ಕೆಟ್ಟರೆ, ಊಟ ಬೇಡವಾದರೆ ನಾನಾಗಿಯೇ ಬರಬೇಕು ಎಂಬ ಮಾತಾಯಿತು. ಅವತ್ತು ಅವರು, ನಿಮ್ಮನ್ನು ಕೇಳದೆ ನಿಮ್ಮ ವಿಷಯದಲ್ಲಿ ಏನೂ ಮಾಡುವುದಿಲ್ಲ ಎಂದೂ ಹೇಳಿದರು. ಆ ಮಾತು ನನಗೆ ಔಷಧಿಗಿಂತ ಹೆಚ್ಚಿನದಾಗಿತ್ತು. ಹುಚ್ಚಿ ಎಂದು ಓಣಿಯಲ್ಲಿ ಹೆಸರು ಬಿದ್ದವಳನ್ನು ಒಬ್ಬರು ಕೇಳಿ ಮಾಡುತ್ತೇನೆ ಎಂದಿದ್ದರು.

ಗುಣವಾದ ಮೇಲೆ ನಾನು ಗೋಡೆ ಬರೆಯತೊಡಗಿದೆ. ನನ್ನ ಅಕ್ಷರ ಮೊದಲಿನಿಂದಲೂ ದುಂಡಗಿತ್ತು. ವಾಡಿಯ ಒಂದು ಶಾಲೆಯ ಗೋಡೆಯ ಮೇಲೆ ವರ್ಣಮಾಲೆ ಬರೆಯುವವರಿಲ್ಲ ಎಂದು ಅಲ್ಲಿನ ಟೀಚರು ಪೇಚಾಡುವುದನ್ನು ಕೇಳಿ, ನಾನು ಬರೆಯಲೇ ಎಂದೆ. ಅದನ್ನು ನೋಡಿದವರು ಚಿತ್ತಾಪುರಕ್ಕೆ ಕರೆದರು, ಅಲ್ಲಿಂದ ಸೇಡಂಗೆ. ಚಿಂಚೋಳಿ ಪಕ್ಕದ ಚಂದಾಪುರದ ಕಚೇರಿಯಲ್ಲಿ ಒಬ್ಬರು ಆ ಕಡೆಯ ಅಂಗನವಾಡಿಗಳ ಕೆಲಸ ಕೊಟ್ಟರು. ಚಂದ್ರಂಪಳ್ಳಿ ಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಬಾಗಿಲ ಎರಡೂ ಬದಿಗೆ ಮೀನು ಬರೆಯುತ್ತಿದ್ದಾಗ, ಮಕ್ಕಳು ಹಿಂದೆ ನಿಂತು ಅದಕ್ಕೆ ಮೀಸೆ ಹಾಕು ಎಂದು ಹಟ ಮಾಡಿದವು. ಹಾಕಿದೆ. ಮನೆಗೆ ಬಂದು ಅದನ್ನೇ ಹೇಳಿ ನಕ್ಕೆ. ನಲವತ್ತರ ಹತ್ತಿರ ಬಂದ ಹೆಂಗಸು ಏಣಿ ಹತ್ತಿ ಗೋಡೆ ಬರೆಯುವುದು ನೋಡುವವರಿಗೆ ಹೇಗೆ ಕಾಣುತ್ತಿತ್ತೋ, ನನಗಂತೂ ನಾನು ಹುಟ್ಟಿದ್ದು ಇದಕ್ಕೇ ಅನ್ನಿಸಿತ್ತು.

ಆಮೇಲೆ ಕೈ ನಡುಗತೊಡಗಿತು. ಮೊದಲು ಕುಂಚದ ತುದಿ ಸ್ವಲ್ಪ ಅದುರಿತು. ಏಣಿಯ ಮೇಲೆ ಬಹಳ ಹೊತ್ತು ನಿಂತದ್ದಕ್ಕೆ ಇರಬೇಕು ಎಂದುಕೊಂಡೆ. ಬರಬರುತ್ತಾ ‘ಳ’ದ ಸುತ್ತು ಕೂಡದಾಯಿತು, ‘ಋ’ದ ಬಾಲ ಅಂಕುಡೊಂಕಾಯಿತು. ಬಾಯಿ ಒಣಗುತ್ತಿತ್ತು, ಚಹಾ ಕಹಿಯೆನ್ನಿಸುತ್ತಿತ್ತು. ಹಗಲಲ್ಲೇ ಕಣ್ಣು ಎಳೆಯುತ್ತಿತ್ತು. ಹಳೆಯ ಕಾಯಿಲೆಯೇ ಬೇರೆ ವೇಷದಲ್ಲಿ ಬಂದಿತೆಂದು ನಾನು ಹೆದರಿದೆ. ಆದರೆ ನಿದ್ದೆ ಕೆಟ್ಟಿರಲಿಲ್ಲ, ಊಟ ಬಿಟ್ಟಿರಲಿಲ್ಲ. ಒಂದು ಸಂಜೆ ಶಾಂತಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ಕೂದಲಲ್ಲಿ ಬೆರಳಾಡಿಸುತ್ತಾ, “ಸಾಕ್ ಬಿಡವ್ವ ಈ ಗ್ವಾಡಿ ಕೆಲಸ. ಮನ್ಯಾಗ ಆರಾಮ ಇರು,” ಎಂದಳು. ಅವಳ ಕೈ ಬೆಚ್ಚಗಿತ್ತು.

ನಾನು ಹೇಳಹೊರಟ ಸಂಗತಿ ನಡೆದ ದಿನ ಸೇಡಂನ ಶಾಲೆಯೊಂದರಲ್ಲಿ ಒಂದು ಸಾಲು ಅಕ್ಷರ ಬರೆದು, ಅದು ನನ್ನದೇ ಎಂದು ನೋಡಲಾಗದೆ ಪೂರ್ತಿ ಒರೆಸಿದ್ದೆ. ಹೆಡ್‌ಮಾಸ್ತರರು ಒಳ್ಳೆಯವರು, ಹುಷಾರಾದ ಮೇಲೆ ಬರ್ರಿ ಎಂದರು. ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದೆ. ಬಿಸಿಲು ಸುಡುತ್ತಿತ್ತು, ಡಬ್ಬಿಯಲ್ಲಿ ಜನ ಕಡಿಮೆ. ಇದ್ದವರೂ ಹೆಚ್ಚುಕಡಿಮೆ ಎಲ್ಲ ಚಿತ್ತಾಪುರದಲ್ಲಿ ಇಳಿದರು. ಅಲ್ಲಿಂದ ಹೊರಟ ಗಾಡಿ ಸ್ವಲ್ಪ ದೂರ ಹೋಗಿ, ತೊಗರಿ ಹೊಲಗಳ ನಡುವೆ ಸಿಗ್ನಲ್‌ಗಾಗಿ ನಿಂತಿತು. ನಾನು ನಿದ್ದೆ ಮಾಡಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಉಗುರಿನ ಸಂದಿಗೆ ಅಂಟಿದ ನೀಲಿ ಬಣ್ಣವನ್ನು ಕೆರೆದು ತೆಗೆಯುತ್ತಿದ್ದೆ.

ಆಗ ನನ್ನ ಬೆನ್ನ ಹಿಂದಿನ ಸೀಟಿನಿಂದ ಶಾಂತಕ್ಕನ ದನಿ ಬಂತು.

“ಇವತ್ತೂ ಅರ್ಧಾ ಚಹಾ ಬಿಟ್ಟು ಹೋಗ್ಯಾಳ. ಗುಳಗಿ ಹೊಟ್ಟಿಗೆ ಹೋಯ್ತೋ ಇಲ್ಲೋ.”

ಪಿಸುಮಾತಲ್ಲ, ಕನಸಿನ ದನಿಯಲ್ಲ. ಪಕ್ಕದ ಕೋಣೆಯಿಂದ ಕೇಳುವ ಹಾಗೆ ಸಹಜವಾಗಿತ್ತು. ಅದಕ್ಕೆ ನನ್ನ ಗಂಡನ ದನಿ, “ನಾಳಿಂದ ಮಜ್ಜಗ್ಯಾಗ ಹಾಕು. ಮಜ್ಜಗಿ ಅಕಿ ಪೂರಾ ಕುಡೀತಾಳ,” ಎಂದಿತು. ಅಕ್ಕ, “ಕೈ ಭಾಳ ನಡಗಾಕತ್ತದ ಅಕಿಂದು. ನೋಡ್ಲಿಕ್ಕೆ ಆಗಲ್ದು,” ಎಂದಳು. ಅವರೆಂದರು: “ನಡಗಿದ್ರ ನಡಗಲಿ. ಗ್ವಾಡಿ ಬರಿಯೋದು ಬಿಟ್ಟು ಮನ್ಯಾಗ ಕುಂದ್ರತಾಳ.” ಅಷ್ಟರಲ್ಲಿ ಹಾಲು ಉಕ್ಕಿ ಒಲೆಗೆ ಸುರಿದ ಚುಂಯ್ ಸದ್ದು, ಅಕ್ಕನ “ಅಯ್ಯ, ಹಾಲು” ಎಂಬ ಮಾತು. ಮುಂದೆ ಏನೂ ಇಲ್ಲ.

ಎದ್ದು ನಿಂತು ಹಿಂದೆ ನೋಡಿದೆ. ಸೀಟು ಖಾಲಿ. ಅದರ ಹಿಂದಿನದೂ ಖಾಲಿ. ಬಾಗಿಲ ಹತ್ತಿರ ಖಾಲಿ ಬುಟ್ಟಿಗೆ ಒರಗಿ ಒಬ್ಬ ಹಣ್ಣು ಮಾರುವ ಹೆಂಗಸು ಕೂತಿದ್ದಳು. ಇಲ್ಲಿ ಯಾರಾದರೂ ಕೂತಿದ್ದರೇ ಎಂದು ಅವಳನ್ನು ಕೇಳಿದೆ. ಯಾರೂ ಇಲ್ಲ, ಎಲ್ಲರೂ ಚಿತ್ತಾಪುರದಲ್ಲೇ ಇಳಿದರು ಎಂದಳು. ನನ್ನ ಮುಖ ನೋಡಿ ನೀರು ಕುಡಿಯುತ್ತೀಯಾ ಎಂದು ಬಾಟಲಿ ಚಾಚಿದಳು. ಫೋನು ತಾನೇ ಹತ್ತಿ ಮನೆಯ ಮಾತು ಕೇಳಿಸಿರಬಹುದೆಂದು ಚೀಲದಿಂದ ತೆಗೆದು ನೋಡಿದೆ. ಬಂದ ಕರೆಯಿಲ್ಲ, ಹೋದ ಕರೆಯಿಲ್ಲ. ಗಾಡಿ ಹೊರಟಿತು. ನನಗೆ ಆ ಗಳಿಗೆಯಲ್ಲಿ ಸಿಟ್ಟು ಬರಲಿಲ್ಲ, ಭಯವಾಯಿತು. ಕಾಯಿಲೆ ಎಷ್ಟೇ ಬಿಗಿಯಾಗಿದ್ದಾಗಲೂ ಇಲ್ಲದವರ ದನಿ ನನಗೆ ಕೇಳಿರಲಿಲ್ಲ. ಈಗ ಅದೂ ಶುರುವಾಯಿತು, ಅದರಲ್ಲೂ ನನ್ನನ್ನು ಸಾಕಿದವಳ ಮೇಲೆಯೇ ಇಂಥ ಮಾತು ನನ್ನ ತಲೆಯಿಂದ ಹುಟ್ಟಿತಲ್ಲ ಎಂದು ನಾಚಿಕೆಯಾಯಿತು. ವಾಡಿ ಬರುವವರೆಗೆ ಮನಸ್ಸಿನಲ್ಲೇ ಅಕ್ಕನ ಕ್ಷಮೆ ಕೇಳಿದೆ.

ಮನೆಗೆ ಬಂದರೆ ಗೌತಮ ಇದ್ದರು. ಸಂಜೆಯವರೆಗೆ ಡ್ಯೂಟಿ ಇದ್ದವರು, ತಲೆನೋವೆಂದು ಮಧ್ಯಾಹ್ನವೇ ಬಂದಿದ್ದರಂತೆ. ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಒಲೆಯ ಬದಿಗೆ ಹಾಲು ಹರಿದು ಒಣಗಿದ ಕಲೆ ಇತ್ತು. ಹಾಲು ಯಾರ ಮನೆಯಲ್ಲಿ ಉಕ್ಕುವುದಿಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಬಿಸಿ ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು, ಒಂದು ಲೋಟ ಮಜ್ಜಿಗೆ ತಂದು ತಟ್ಟೆಯ ಪಕ್ಕಕ್ಕಿಟ್ಟಳು. ನಾಳೆಯಿಂದ ಎಂದಿದ್ದರು. ಇವತ್ತೇ ಬಂದಿತ್ತು.

ನಾನು ಲೋಟ ಮುಟ್ಟಲಿಲ್ಲ.

“ಇದರಾಗ ಹಾಕೀಯೇನಕ್ಕ?”

“ಏನು?”

“ಗುಳಗಿ. ಚಹಾ ಅರ್ಧಾ ಬಿಡ್ತೀನಂತ ಮಜ್ಜಗ್ಯಾಗ ಹಾಕಬೇಕು ಅಂದೀರಲ್ಲ.”

ಆ ಕ್ಷಣದಲ್ಲೂ ಅವಳು ಬೈಯಲಿ, ನಿನಗೆ ತಲೆ ಕೆಟ್ಟಿದೆ ಎನ್ನಲಿ ಎಂದು ನಾನು ಬೇಡುತ್ತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ನನ್ನ ಗಂಡನನ್ನು ನೋಡಿದಳು. ಅದೊಂದು ನೋಟದಲ್ಲಿ ಎಲ್ಲ ಮುಗಿಯಿತು. ಅವರೂ ಇಲ್ಲವೆನ್ನಲಿಲ್ಲ. ಅವರ ಬಾಯಿಂದ ಮೊದಲು ಬಂದ ಮಾತು, “ನಿನಗ ಯಾರು ಹೇಳಿದ್ರು?”

ಮುಂದಿನದನ್ನು ಚೂರುಚೂರಾಗಿ ಹೇಳಿದರು. ಅವರು ನನಗೆ ತಿಳಿಯದಂತೆ ಕಲಬುರಗಿಗೆ ಹೋಗಿ ಅದೇ ಡಾಕ್ಟರ ಹತ್ತಿರ ಮಾತಾಡಿದ್ದರು. ಗುಳಿಗೆ ಬರೆಸಿ ತಂದಿದ್ದರು. ಅದನ್ನು ಪುಡಿ ಮಾಡಿ ಚಹಾದಲ್ಲಿ ಬೆರೆಸುವುದು ಅಕ್ಕನ ಪಾಲಿಗೆ ಬಂದಿತ್ತು. ಯಾಕೆ ಎಂದೆ. ಅವರು ನೆಲ ನೋಡುತ್ತಾ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

“ನೀ ಭಾಳ ಖುಷಿ ಇದ್ದಿ. ಮುಂಜಾನಿ ಎದ್ದು ಹಾಡ್ತಿದ್ದಿ, ಮೀನಿಗೆ ಮೀಸಿ ಬರದೆ ಅಂತ ನಗ್ತಿದ್ದಿ. ಹಿಂಗ ನಿನ್ನ ನಾ ಎಂದೂ ನೋಡಿರಲಿಲ್ಲ. ನಂಗ ಅಂಜಿಕಿ ಬಂತು.”

“ಖುಷಿಗೂ ಗುಳಗಿ ಕೊಡ್ತಾರೇನ್ರಿ?” ಎಂದೆ. ಅವರು ಕೆಟ್ಟವರಲ್ಲ ಎಂದು ನನಗೆ ಗೊತ್ತು. ನಾನು ಮಲಗಿದಲ್ಲೇ ಇದ್ದ ಕಾಲದಲ್ಲಿ ನನಗೆ ತುತ್ತು ಮಾಡಿ ಉಣ್ಣಿಸಿದ ಕೈ ಅವರದು. ಆದರೆ ನಾನು ಅಳುವಾಗ ನನ್ನ ಜೊತೆ ಇದ್ದವರು ನಾನು ನಗುವಾಗ ನನ್ನನ್ನು ನಂಬಲಿಲ್ಲ. ಕೈ ನಡುಗುತ್ತಿದೆ ಎಂದು ನಾನು ಅತ್ತಾಗ ಕಾರಣ ಗೊತ್ತಿದ್ದೂ ಅಕ್ಕ ತಲೆ ಸವರಿದಳು.

ಆ ಸಂಜೆ ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಮಧ್ಯಾಹ್ನ ಇಬ್ಬರೂ ಏನು ಮಾತಾಡಿದಿರಿ, ಇದ್ದದ್ದು ಇದ್ದ ಹಾಗೆ ಹೇಳು ಎಂದೆ. ಅವಳು ಹೇಳಿದಳು. ಅರ್ಧ ಬಿಟ್ಟ ಚಹಾ, ಮಜ್ಜಿಗೆ, ನಡುಗುವ ಕೈ, ಉಕ್ಕಿದ ಹಾಲು, ಎಲ್ಲವೂ ನಾನು ಕೇಳಿದ ಕ್ರಮದಲ್ಲೇ ಬಂತು. ಒಂದು ಮಾತನ್ನು ಮಾತ್ರ ಬಿಟ್ಟಳು.

“ನಡಗಿದ್ರ ನಡಗಲಿ ಅಂದ್ರಲ್ಲ, ಅದು?” ಎಂದೆ.

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಲ್ಲಿಯವರೆಗೆ ನನಗೊಂದು ಆಸೆ ಇತ್ತು. ಬಾಯಿ ಒಣಗುವುದು, ಚಹಾದ ರುಚಿ, ಇದನ್ನೆಲ್ಲ ನನ್ನ ಮನಸ್ಸು ನನಗೆ ತಿಳಿಯದ ಹಾಗೆ ಕೂಡಿಸಿ ಒಂದು ಮಾತುಕತೆ ಕಟ್ಟಿರಬಹುದು ಎಂದು. ಹಾಗಿದ್ದರೆ ಆ ಮಾತು? ಅದನ್ನು ಕಟ್ಟಲು ನನಗೆ ಬರುತ್ತಿರಲಿಲ್ಲ. ನನ್ನ ಗಂಡ ಹಾಗೆ ಅಂದಾರು ಎಂದು ನನ್ನ ಅತಿ ಕೆಟ್ಟ ಗಳಿಗೆಯಲ್ಲೂ ನಾನು ಎಣಿಸಿರಲಿಲ್ಲ.

ಒಬ್ಬಳೇ ಕಲಬುರಗಿಗೆ ಹೋದೆ. ಡಾಕ್ಟರು ಕೂರಿಸಿ ಸಮಾಧಾನದಿಂದಲೇ ಮಾತಾಡಿದರು. ಮನೆಯವರು ಗಾಬರಿಯಾಗಿದ್ದರು, ನೀವು ಒಪ್ಪುವುದಿಲ್ಲ ಎಂದರು, ನಿಮ್ಮ ಒಳ್ಳೆಯದಕ್ಕೇ ಬರೆದುಕೊಟ್ಟೆ ಎಂದರು. “ನನ್ನ ಒಂದ್ ಮಾತ್ ಕೇಳಿದ್ರೇನ್ರಿ ಸರ್?” ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ನಂತರ, ಅಂದ ಹಾಗೆ ನಿಮಗೆ ಇದು ಗೊತ್ತಾದದ್ದು ಹೇಗೆ ಎಂದು ಕೇಳಿ ಪೆನ್ನು ಎತ್ತಿಕೊಂಡರು. ನಾನು ಆ ಪೆನ್ನು ನೋಡಿದೆ. ಖಾಲಿ ಸೀಟಿನಿಂದ ಮಾತು ಕೇಳಿತು ಎಂದರೆ ಅದು ಏನು ಬರೆಯುತ್ತದೆಂದು ನನಗೆ ಗೊತ್ತಿತ್ತು. ನನಗಾದ ಅನ್ಯಾಯವನ್ನು ನನಗೆ ಮೊದಲು ತಿಳಿಸಿದ್ದು ಯಾವುದೆಂದು ಬಾಯಿಬಿಟ್ಟರೆ ಅದೇ ಅವರು ಮಾಡಿದ್ದಕ್ಕೆ ಸಮರ್ಥನೆಯಾಗುತ್ತಿತ್ತು. ಎದ್ದು ಬಂದೆ.

ಈಗ ಬೇರೊಬ್ಬ ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ. ಅವರು ಆ ಗುಳಿಗೆಯನ್ನು ಮೆಲ್ಲಗೆ ಬಿಡಿಸಿದರು. ಮಳೆಗಾಲದಲ್ಲಿ ಮನಸ್ಸು ಇಳಿದಾಗ ಬೇರೊಂದು ಸಣ್ಣ ಗುಳಿಗೆ ತೆಗೆದುಕೊಳ್ಳುತ್ತೇನೆ, ಅದು ಯಾತಕ್ಕೆಂದು ತಿಳಿದು, ನನ್ನ ಕೈಯಿಂದಲೇ. ಕೈ ನೆಟ್ಟಗಾಯಿತು, ಸೇಡಂನ ಗೋಡೆ ಮುಗಿಸಿಕೊಟ್ಟೆ. ಶಾಂತಕ್ಕ ಶಹಾಬಾದಿಗೆ ಹೋದಳು. ಅಕ್ಕನೇ ನನಗೆ ಹೇಳಿದಳೆಂದು ನನ್ನ ಗಂಡ ಇಂದಿಗೂ ನಂಬಿದ್ದಾರೆ. ಅವರೇ ಹೇಳಿರಬೇಕೆಂದು ಅಕ್ಕ. ಇಬ್ಬರೂ ಹೇಳಲಿಲ್ಲ ಎಂದರೆ ಇಬ್ಬರೂ ನಂಬುವುದಿಲ್ಲ. ನಾವು ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೇವೆ, ಮಾತಿದೆ, ಊಟವಿದೆ. ಅವರು ಒಂದು ಲೋಟ ನೀರು ತಂದು ಕೊಟ್ಟರೂ ಅದನ್ನು ಬೆಳಕಿಗೆ ಹಿಡಿದು ನೋಡುವ ಚಟ ನನಗೆ ಹತ್ತಿದೆ. ಅವರು ಅದನ್ನು ಕಂಡರೂ ಕಾಣದವರಂತೆ ಇರುತ್ತಾರೆ.

ಡಾಕ್ಟರಮ್ಮ ಒಳ್ಳೆಯವರು. ನಿಮಗೆ ತಿಳಿಸದೆ ಏನೂ ಮಾಡುವುದಿಲ್ಲ ಎಂದು ಅವರೂ ಹೇಳಿದ್ದಾರೆ. ಹೋದಾಗಲೆಲ್ಲ ಕೆಲವು ಪ್ರಶ್ನೆ ಕೇಳುತ್ತಾರೆ. ನಿದ್ದೆ ಹೇಗಿದೆ, ಕೆಲಸ ಹೇಗಿದೆ, ಯಾರೂ ಇಲ್ಲದಾಗ ಯಾರಾದರೂ ಮಾತಾಡಿದಂತೆ ಕೇಳಿಸುತ್ತದೆಯೇ. ಇಲ್ಲ ಎನ್ನುತ್ತೇನೆ, ಅದು ನಿಜ. ಆ ದಿನಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೆ ಈವರೆಗೂ ಕೇಳಿಲ್ಲ. ಕಳೆದ ಸಲ ಅವರು ಬರೆಯುವುದನ್ನು ನಿಲ್ಲಿಸಿ, “ಹಿಂದೆ ಯಾವತ್ತಾದರೂ?” ಎಂದು ಕೇಳಿದರು.

ಹೇಳಿಬಿಡಬೇಕು ಅನ್ನಿಸಿತು. ಬಾಯಿಯವರೆಗೆ ಬಂತು. ಅದು ಕಾಯಿಲೆಯಾಗಿತ್ತೇ ಎಂದು ಕೇಳಬೇಕಿತ್ತು. ಕಾಯಿಲೆಯಾಗಿದ್ದರೆ, ಆ ಮನೆಯಲ್ಲಿ ನನಗೆ ನಿಜ ಹೇಳಿದ್ದು ಕಾಯಿಲೆ ಒಂದೇ ಹೇಗಾಯಿತು ಎಂದೂ ಕೇಳಬೇಕಿತ್ತು. ಅವರ ಮುಖ ನೋಡಿದೆ. ನಂಬಬಹುದಾದ ಮುಖ. ಹಿಂದಿನವರದೂ ಹಾಗೇ ಇತ್ತು.

“ಇಲ್ರಿ,” ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು.