ಅಕ್ಷರ ಅಳಿದ ಪೊಟ್ಟಣಗಳು

ಬೀಜ ಸಂಗ್ರಹಾಲಯದಲ್ಲಿ ಎಲ್ಲರೂ ಆಕೆಯನ್ನು ಲೇಬಲ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ. ಪ್ರತಿ ಪೊಟ್ಟಣಕ್ಕೂ ತಳಿಯ ಹೆಸರು, ನಂಬರು ಅಚ್ಚಾದ ಲೇಬಲ್ ಅಂಟಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಶೀತಲ ಕೋಣೆಗೆ ಕಳಿಸುವುದು.

ಲೇಬಲ್ಲಿನ ಹೊಸ ರೋಲು ಬಂದರೆ ಆಕೆ ಸುಮ್ಮನೆ ಪ್ರಿಂಟರಿಗೆ ಏರಿಸುವವಳಲ್ಲ. ಅಚ್ಚನ್ನು ಉಗುರಿನಿಂದ ಕೆರೆದು, ಒದ್ದೆ ಬಟ್ಟೆಯಿಂದ ಉಜ್ಜಿ, ವಾರ ಪೂರ್ತಿ ಫ್ರೀಜರಿನಲ್ಲಿಟ್ಟು ನೋಡುವಳು. ಕಾಗದದ ಲೇಬಲ್ಲಿಗೆ ಮೇಣದ ಮಸಿಯ ರಿಬ್ಬನ್ ನಡೆಯುತ್ತದೆ; ಪ್ಲಾಸ್ಟಿಕ್ಕಿನದಕ್ಕೆ ರಾಳದ ರಿಬ್ಬನ್ನೇ ಬೇಕು. ಜೋಡಿ ತಪ್ಪಿದರೆ ಅಕ್ಷರ ಬೆರಳಿಗೇ ಬರುತ್ತದೆ. ಗಡಿಯಾರ ರಿಪೇರಿ ಮಾಡುವ ಆಕೆಯ ಗಂಡ, "ನನ್ನನ್ನ ಒಪ್ಪೋವಾಗ್ಲೂ ನೀನು ಇಷ್ಟು ಪರೀಕ್ಷೆ ಮಾಡ್ಲಿಲ್ಲ" ಎಂದು ನಗುತ್ತಿದ್ದ.

ಆಮೇಲೆ ಹೊಸ ಉಗ್ರಾಣಾಧಿಕಾರಿ ಬಂದ. ರಿಬ್ಬನ್ನೇ ಬೇಡದ, ಬಿಸಿ ತಾಗಿದರೆ ತಾನೇ ಕಪ್ಪಾಗುವ ಕಾಗದದ ರೋಲುಗಳನ್ನು ರಾಶಿಗಟ್ಟಲೆ ತರಿಸಿದ. ಆಕೆ ಒಂದು ಲೇಬಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಟಕಿಯಲ್ಲಿಟ್ಟಳು. ಹದಿನೈದು ದಿನಕ್ಕೆ ಅಕ್ಷರ ಮಾಸಿತ್ತು. ತೋರಿಸಲು ಹೋದಾಗ ಅವನು ಕಡತದಿಂದ ತಲೆ ಎತ್ತಲಿಲ್ಲ.

"ಶೀತಲ ಕೋಣೇಲಿ ಬಿಸಿಲು ಎಲ್ಲಿಂದ ಬರುತ್ತಮ್ಮ? ಅಂಟಿಸೋದು ನಿಮ್ಮ ಕೆಲಸ. ಅಂಟಿಸಿ."

ಬಿಸಿಲಿಲ್ಲದಿದ್ದರೂ ಪ್ಲಾಸ್ಟಿಕ್ಕೇ ಆ ಅಕ್ಷರವನ್ನು ತಿನ್ನುತ್ತದೆ ಎಂದು ಆಕೆ ಹೇಳಿದ್ದು ಗೋಡೆಗೆ ಹೇಳಿದಂತಾಯಿತು.

ಒಂದು ತಿಂಗಳು ಆಕೆ ತನ್ನ ಪಾಡಿಗೆ ತಾನು ಪ್ರತಿ ಪೊಟ್ಟಣದೊಳಗೆ ಪೆನ್ಸಿಲಿನಲ್ಲಿ ನಂಬರು ಬರೆದ ಚೀಟಿ ಹಾಕಿದಳು. ಆದರೆ ಅಧಿಕಾರಿ ದಿನಕ್ಕೆ ಇಷ್ಟು ಪೊಟ್ಟಣ ಆಗಲೇಬೇಕೆಂದು ಪಟ್ಟು ಹಿಡಿದ. ಮಣಿಕಟ್ಟು ಊದಿಕೊಂಡಿತು. ಊರಿಗಿಲ್ಲದ ಉಸಾಬರಿ ನನಗೇಕೆ ಅಂದುಕೊಂಡು ಒಂದು ದಿನ ಪೆನ್ಸಿಲ್ ಕೆಳಗಿಟ್ಟಳು.

ಮೂರು ವರ್ಷದ ನಂತರ ಸೌತೆ ಮೇಷ್ಟ್ರು ಬಂದರು. ನಿವೃತ್ತ ಶಾಲಾ ಶಿಕ್ಷಕರು. ರಜೆ ಬಂದಾಗಲೆಲ್ಲ ಸೈಕಲ್ ತುಳಿದು ಊರೂರು ಅಲೆದು, ಮುದುಕ ಮುದುಕಿಯರನ್ನು ಕಾಡಿ ಬೇಡಿ, ನಾನೂರು ಬಗೆಯ ಸೌತೆ ಬೀಜ ಕೂಡಿಸಿ, ಆ ಹೊಸ ರೋಲುಗಳು ಬಂದ ವರ್ಷವೇ ಸಂಗ್ರಹಾಲಯಕ್ಕೆ ಒಪ್ಪಿಸಿದ್ದರು. ಈಗ ಮತ್ತೆ ಬಿತ್ತಲು ಸ್ವಲ್ಪ ಬೇಕಿತ್ತು. ಶೀತಲ ಕೋಣೆಯಿಂದ ಆ ಪೊಟ್ಟಣಗಳ ಡಬ್ಬ ತಂದು ತೆರೆದರೆ ಲೇಬಲ್ಲುಗಳೆಲ್ಲ ಬೋಳು. ನಂಬರೇ ಇಲ್ಲದ ಮೇಲೆ ದಾಖಲೆ ಪುಸ್ತಕ ಇದ್ದೇನು ಫಲ? ಸೌತೆ ಬೀಜ ನೋಡಲು ಎಲ್ಲವೂ ಒಂದೇ.

ಪೆನ್ಸಿಲ್ ಚೀಟಿ ಇದ್ದ ಅರವತ್ತು ಪೊಟ್ಟಣಗಳು ಸಿಕ್ಕಿದವು. ಅವರು ಒಂದೊಂದನ್ನೇ ಓದಿ ಪಕ್ಕಕ್ಕಿಟ್ಟರು.

"ಇದು ನಿನ್ನ ಅಕ್ಷರ ಅಲ್ವೇನಮ್ಮ? ಆಮೇಲೆ ಯಾಕೆ ನಿಲ್ಲಿಸ್ದೆ?"

ಆಕೆ ಬೋಳು ಪೊಟ್ಟಣಗಳನ್ನು ಮತ್ತೆ ಡಬ್ಬಕ್ಕೆ ತುಂಬತೊಡಗಿದಳು. ಮೇಷ್ಟ್ರು ಅರವತ್ತನ್ನು ಚೀಲಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು.

ವಿಚಾರಣೆ ನಡೆಯಿತು. ಅಷ್ಟರಲ್ಲಿ ಉಗ್ರಾಣಾಧಿಕಾರಿ ಬಡ್ತಿ ಪಡೆದು ಕೇಂದ್ರ ಕಚೇರಿ ಸೇರಿದ್ದ. ರೋಲು ಬಂದಾಗ 'ಸರಿಯಾಗಿದೆ' ಎಂದು ಸಹಿ ಹಾಕಿದ್ದವಳು ಆಕೆ. ರೋಲು ಎಷ್ಟು ಬಂದಿದೆ ಎಂಬುದಕ್ಕೆ ಹಾಕಿದ ಸಹಿ ಅದು. ಯಾರೂ ಆ ವ್ಯತ್ಯಾಸ ಕೇಳಲಿಲ್ಲ. ಬಿತ್ತಿ ನೋಡಿದರೆ ತಳಿ ಗೊತ್ತಾಗುತ್ತದೆ ಎಂದಳು. ಅದಕ್ಕೆ ಜಾಗವೂ ಇಲ್ಲ, ಆಳೂ ಇಲ್ಲ ಎಂದರು. ತಪ್ಪೊಪ್ಪಿಗೆ ಬರೆಸಿಕೊಂಡು, ಬೋಳು ಪೊಟ್ಟಣಗಳನ್ನು ಖಾಲಿ ಮಾಡುವ ಕೆಲಸವನ್ನೂ ಆಕೆಗೇ ಹಚ್ಚಿದರು.

ಎರಡು ದಿನ ಆಕೆ ಒಬ್ಬಳೇ ಕೂತು ಪೊಟ್ಟಣ ಹರಿದು ಹರಿದು ಒಂದೇ ಗೋಣಿಗೆ ಸುರಿದಳು. ಸಂಜೆ ಮನೆಯಲ್ಲಿ ಗಂಡ, "ನಿಂದೇನು ತಪ್ಪು ಇದ್ರಲ್ಲಿ?" ಎಂದ.

"ಅವನು ಕೆಡಿಸ್ದ, ನಿಜ. ಕೆಡತ್ತೆ ಅಂತ ಗೊತ್ತಿದ್ದೂ ಕೈ ಬಿಟ್ಟವಳು ನಾನೇ ಅಲ್ವಾ?"

ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮತ್ತೆ ಗಡಿಯಾರಕ್ಕೆ ಬಗ್ಗಿದ. ಮರುದಿನ ಗೋಣಿ ಮೇವಾಗಿ ದನದ ಕೊಟ್ಟಿಗೆಗೆ ಹೋಯಿತು.