ಎದುರು ಮನೆಯ ನರ್ಸಮ್ಮನ ಗಂಡ

ಮಕ್ಕಳೇ, ಆಂಟಾಪ್ ಹಿಲ್‌ನಲ್ಲಿ ನಮ್ಮ ಎದುರು ಮನೆಯ ನರ್ಸಮ್ಮ ಹೊರದೇಶದ ಲೈಸೆನ್ಸ್ ಪರೀಕ್ಷೆಗೆ ಕೂತಾಗ ಓದಿದ್ದು ಅವಳು, ದಣಿದದ್ದು ಅವಳ ಗಂಡ. ಅವಳು ಒಮ್ಮೆ ನಪಾಸಾಗಿದ್ದಳು. ಇನ್ನೊಮ್ಮೆ ಆದರೆ ಆ ಆಸೆಯನ್ನೇ ಬಿಡುವುದೆಂದು ನಿರ್ಧರಿಸಿದ್ದಳು. ಅವನೋ ಆಗಲೇ ಅಲ್ಲಿಯ ಚಳಿಗೆಂದು ಉಣ್ಣೆಯ ಕೋಟು ಕೊಂಡು, ಈ ಊರಿನ ಸೆಕೆಯಲ್ಲಿ ತೊಟ್ಟು ಕನ್ನಡಿ ನೋಡಿಕೊಳ್ಳುತ್ತಿದ್ದ.

"ಪರೀಕ್ಷಾ ಪ್ಯಾಟರ್ನ್ ಬದಲಾಗೇತ್ರಿ," ಎಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ. "ಈಗ ಬಾಯಿಪಾಠ ನಡಿಯಂಗಿಲ್ಲ. ತಲಿ ಓಡಿಸಬೇಕು." ತಲೆ ಓಡುತ್ತಿತ್ತೇನೋ, ಕಾಲು ಮಾತ್ರ ಸೋಫಾ ಬಿಟ್ಟು ಇಳಿಯುತ್ತಿರಲಿಲ್ಲ.

ಅವಳು ಡ್ಯೂಟಿ ಮುಗಿಸಿ ಬಂದು ಹಿಟ್ಟು ನಾದುತ್ತಿದ್ದರೆ, ಅವನು ಮೊಬೈಲ್ ನೋಡಿ ಪ್ರಶ್ನೆ ಓದುತ್ತಿದ್ದ.

"ನಾಕು ಮಂದಿ ಪೇಶಂಟ್ ಅದಾರ. ಮೊದಲ ಯಾರನ್ನ ನೋಡ್ತಿ?"

"ಮೊದಲ ಕುಕ್ಕರ್ ನೋಡ್ತೀನ್ರಿ."

"ತಪ್ಪು."

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವನು ಒಳಗಿಂದ ಕೂಗಿದ್ದು ನಮ್ಮ ಮನೆಗೂ ಕೇಳಿಸಿತು. "ಏ, ನನ್ನ ಚಾ?"

"ಹಾಲು ಫ್ರಿಜ್ಜಿನಾಗ ಐತ್ರಿ," ಎಂದಳು. "ಇವತ್ತಿಂದ ಮನಿ ಪ್ಯಾಟರ್ನೂ ಬದಲಾಗೇತಿ."

ಅವಳು ಪಾಸಾದಳು. "ನಾವು ಪಾಸಾದ್ವಿ," ಎಂದು ಅವನು ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದ. ಅವಳು ಮೊದಲು ಹೋದಳು. ಅವನು ಆ ಕೋಟು ತೊಟ್ಟು ವಿಮಾನ ಹತ್ತುವ ತನಕ, ದಿನಾ ಕುಕ್ಕರ್ ಹಿಡಿದು ನಮ್ಮ ಬಾಗಿಲಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದ:

"ಅವ್ವಾರ, ಅನ್ನಕ್ಕ ನೀರು ಎಷ್ಟು ಹಾಕಬೇಕ್ರಿ?"